ಹನ್ನೊಂದನೇ ಸೆಕೆಂಡಿನ ನಗು

ಮೊದಲ ತಿಂಗಳು, ಮೊದಲ ದಿನ

ಹೊಸ ವರ್ಷದ ದಿನ ಕೆಟ್ಟ ಮಾತು ಆಡಬಾರದು, ಕಸ ಗುಡಿಸಬಾರದು, ಕತ್ತರಿ ಮುಟ್ಟಬಾರದು ಎಂದು ಹೆಂಡತಿ ಚುನ್‌ಮೆಯ್ ಬೆಳಿಗ್ಗೆಯೇ ತಾಕೀತು ಮಾಡಿದ್ದಳು. ಆಡಬಾರದು ಅಂದಳೇ ಹೊರತು ಬರೆಯಬಾರದು ಅನ್ನಲಿಲ್ಲ. ಆದ್ದರಿಂದ ಬರೆಯುತ್ತೇನೆ. ಇಂದು ಮಧ್ಯಾಹ್ನ ಒಂದೂವರೆಯ ಆಟದಲ್ಲಿ ಕೂತಿದ್ದ ನೂರಾ ನಲವತ್ತಮೂರು ಜನರೂ ಕತ್ತೆಗಳು. ನಾನು, ಚುನ್‌ಮೆಯ್, ನನ್ನ ಶಿಷ್ಯ ದಪ್ಪ ಪಾಂಗ್ ಮೂವರನ್ನು ಕಳೆದರೆ ನೂರಾ ನಲವತ್ತು. ಲೆಕ್ಕ ಲೆಕ್ಕವೇ.

ಚಿತ್ರ ‘ಏಳು ಗಂಟೆಗಳ ಪರ್ವತ’. ಹಾವಿನ ಮೈಯ ರಾಕ್ಷಸ, ಹಾರುವ ಕತ್ತಿಗಳು, ಪರ್ವತದೇವಿಯ ಮಗಳು. ಎರಡು ವರ್ಷದ ಕೆಲಸ, ಮುಕ್ಕಾಲು ಪಾಲು ನಮ್ಮ ಸಿನಿಮಾ ಊರು ಹೆಂಗ್‌ದಿಯನ್‌ನಲ್ಲೇ ತೆಗೆದದ್ದು. ಅದರಲ್ಲಿ ಗಾಳಿಯಲ್ಲಿ ತೇಲಿದವರೆಲ್ಲ ತೇಲಿದ್ದು ನನ್ನ ಹಗ್ಗದಲ್ಲಿ. ದೇವರಾಗಲಿ ದೆವ್ವವಾಗಲಿ, ನೆಲ ಬಿಡಬೇಕಾದರೆ ಈ ತಾವ್ ಗೆನ್‌ಶುಯ್‌ನ ಕೊಂಡಿಗೆ ಸೊಂಟ ಕೊಡಲೇಬೇಕು.

ಕೊನೆಯ ಯುದ್ಧದಲ್ಲಿ ನಾಯಕಿ ಏಳನೇ ಗಂಟೆಯ ಗೋಪುರದಿಂದ ಕಮರಿಗೆ ಜಿಗಿಯುತ್ತಾಳೆ. ಒಂದೇ ಶಾಟ್, ನಡುವೆ ಕಟ್ ಇಲ್ಲ, ಹನ್ನೊಂದು ಸೆಕೆಂಡು. ಮುಖ ಮಾತ್ರ ನಾಯಕಿಯದು, ಆಮೇಲೆ ಕಂಪ್ಯೂಟರಿನಲ್ಲಿ ಅಂಟಿಸಿದ್ದು. ಕತ್ತಿನಿಂದ ಕೆಳಗೆ ಪೂರಾ ಡ್ಯೂಪ್, ನನ್ನ ಶಿಷ್ಯೆ ಯಿನ್‌ಹ್ವಾ. ಹನ್ನೊಂದನೇ ಸೆಕೆಂಡಿಗೆ ಹಗ್ಗ ಬಿಗಿಯುತ್ತದೆ. ಮೈ ಒಮ್ಮೆ ಕಿತ್ತುಕೊಂಡಂತೆ ಜಗ್ಗುತ್ತದೆ, ಕೈ ಒಂದು ಕಡೆ, ಕಾಲು ಒಂದು ಕಡೆ. ಹೋದ ಶರತ್ಕಾಲದಲ್ಲಿ ಆ ಕ್ಷಣಕ್ಕೇ ಅವಳ ಸೊಂಟದ ಮೂಳೆ ಮುರಿಯಿತು, ಬೆನ್ನಿನ ಒಂದು ಮಣಿ ಜಜ್ಜಿತು. ಎಲ್ಲೂ ತುಂಡಾಗದೆ ಪೂರ್ತಿಯಾದ ಟೇಕ್ ಅದೊಂದೇ ಆಗಿದ್ದರಿಂದ ನಿರ್ದೇಶಕ ಅದನ್ನೇ ಇಟ್ಟುಕೊಂಡ.

ಆ ಕ್ಷಣಕ್ಕೆ ಹಾಲ್ ನಕ್ಕಿತು.

ಒಬ್ಬಿಬ್ಬರಲ್ಲ. ಮೊದಲು ಹಿಂದಿನ ಸಾಲು, ಆಮೇಲೆ ನಡುವೆ, ಆಮೇಲೆ ತಾಯಿಯ ತೊಡೆಯ ಮೇಲಿನ ಮಗು ಕೂಡ. ನಾನು ಎದ್ದು ನಿಂತೆ. ಚುನ್‌ಮೆಯ್ ಅಂಗಿ ಹಿಡಿದು ಕೂರಿಸಿದಳು. “ಮುದುಕಪ್ಪ, ಮೊದಲ ದಿನ ಜಗಳ ಆಡಿದ್ರೆ ವರ್ಷ ಪೂರ್ತಿ ಜಗಳ” ಅಂದಳು. ಆಡಿಯೇ ಬಿಡೋಣ, ಹೇಗೂ ವರ್ಷ ಹಾಗೆಯೇ ಇರುತ್ತದೆ ಅನ್ನಿಸಿತು.

ನನ್ನ ಹಗ್ಗ ನೋಡಿ ನಗುವವರಿಗೆ ನನ್ನ ಹಗ್ಗ ಏನೆಂದು ಗೊತ್ತಿಲ್ಲ. ಬಿದಿರು ಹೊರುವ ಕೂಲಿಯಾಗಿ ಈ ಊರಿಗೆ ಬಂದವನು ನಾನು. ನನ್ನ ಶಿಫು, ಅಂದರೆ ಗುರು, ಕಲಿಸಿದ ನಿಯಮ ಒಂದೇ. ಮೇಲೆ ಹಗ್ಗ ತೂಗುಬಿಡುವ ಕೊಂಡಿ ಹೊಸದಾಗಿ ಹಾಕಲಿ, ಇದ್ದದ್ದನ್ನು ಒಂದು ಗೇಣು ಸರಿಸಲಿ, ಅದರ ಮೇಲೆ ಮೊದಲ ಭಾರ ಗುರುವಿನದು. ಗುರು ತಾನು ಏರಿ, ಜಿಗಿದು, ಇಳಿದು, ಆಮೇಲೆ ಕೊಂಡಿಗೆ ಕೆಂಪು ದಾರ ಕಟ್ಟಬೇಕು. ಕೊಂಡಿ ಬಿಚ್ಚಿ ಸರಿಸಿದರೆ ಹಳೆಯ ದಾರ ಕೀಳಬೇಕು. ದಾರ ಕಂಡರೆ ಶಿಷ್ಯರು ಏರಬಹುದು. ಮೂವತ್ತೊಂದು ವರ್ಷ ಆಯಿತು, ನನ್ನ ಭಾರ ಹೊರದ ಕೊಂಡಿಗೆ ನನ್ನ ಶಿಷ್ಯಮಕ್ಕಳನ್ನು ನೇತುಹಾಕಿಲ್ಲ. ಈ ಪಾಪ್‌ಕಾರ್ನ್ ತಿನ್ನುವವರಿಗೆ ಅದೆಲ್ಲ ಎಲ್ಲಿ ತಿಳಿಯಬೇಕು.

ಎರಡನೇ ದಿನ

ಇಂದು ಹೆಂಡತಿಯ ತವರಿಗೆ ಹೋಗುವ ದಿನ. ಹೋಗಲಿಲ್ಲ. ಹೊಟ್ಟೆ ಸರಿಯಿಲ್ಲ ಅಂದೆ. ಚುನ್‌ಮೆಯ್ ಹಂದಿತೊಡೆ ಮಾಂಸದ ಕಟ್ಟನ್ನು ಒಬ್ಬಳೇ ಹೊತ್ತು ಬಸ್ಸು ಹತ್ತಿದಳು. “ನಿನ್ನ ಹೊಟ್ಟೆ ಯಾವ ಥಿಯೇಟರಲ್ಲಿ ಕೂರುತ್ತೆ ಅಂತ ನಂಗೊತ್ತು” ಎಂದು ಹೋಗುವಾಗ ಅಂದಳು.

ಎರಡು ಆಟ ನೋಡಿದೆ. ಅಂದರೆ ಪರದೆಯನ್ನು ನೋಡಲಿಲ್ಲ, ಮುಂದಿನ ಸಾಲಿನ ತುದಿಯಲ್ಲಿ ಕೂತು ಹಿಂದಕ್ಕೆ ತಿರುಗಿ ಮುಖಗಳನ್ನು ನೋಡಿದೆ. ಮೊದಲ ಆಟ ನೂರಾ ಹತ್ತರಲ್ಲಿ ನಕ್ಕವರು ಅರವತ್ತೇಳು. ಎರಡನೆಯದು ತೊಂಬತ್ತರಲ್ಲಿ ಐವತ್ತೆಂಟು. ಪ್ರಮಾಣ ಏರುತ್ತಿದೆ. ನಗಬೇಕೆಂದು ಮೊದಲೇ ತಿಳಿದು ಬರುತ್ತಿದ್ದಾರೆ.

ಹೊರಗೆ ಬಂದಾಗ ಒಬ್ಬ ಯುವಕನನ್ನು ಹಿಡಿದು ನಿಲ್ಲಿಸಿದೆ. ಪಕ್ಕದಲ್ಲಿ ಅವನ ಹುಡುಗಿ.

“ಏನಪ್ಪ, ಅಷ್ಟು ನಗು ಬಂತಲ್ಲ, ಯಾಕೆ?”

“ನೀವೂ ನೋಡಿದ್ರಲ್ಲ ಅಂಕಲ್. ಬೊಂಬೆ ಎಸೆದಂಗಿದೆ. ಐದು ಕಾಸಿನ ಗ್ರಾಫಿಕ್ಸ್.”

“ಅದು ಗ್ರಾಫಿಕ್ಸ್ ಅಲ್ಲ. ಒಬ್ಬಳು ಹೆಣ್ಣುಮಗಳು.”

“ಸುಮ್ನಿರಿ ಅಂಕಲ್. ಮನುಷ್ಯರು ಹಂಗೆ ಬೀಳಲ್ಲ.”

“ಎಷ್ಟು ಜನ ಬೀಳೋದನ್ನ ನೋಡಿದೀಯ ನೀನು?”

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಕಂಪನಿಯವರು ಕಳಿಸಿದ್ದಾ ನಿಮ್ಮನ್ನ? ಒಂದು ಜಗಳಕ್ಕೆ ಎಷ್ಟು ಕೊಡ್ತಾರೆ?”

“ಬಾರೋ” ಎಂದು ಹುಡುಗಿ ಅವನ ತೋಳು ಎಳೆದಳು. “ಹಬ್ಬದ ದಿನ ವಯಸ್ಸಾದವರ ಜೊತೆ ಏನು ನಿಂದು.”

ವಯಸ್ಸಾದವರಂತೆ. ನನಗೆ ಐವತ್ತೆಂಟು.

ಮನುಷ್ಯರು ಹಾಗೆ ಬೀಳುವುದಿಲ್ಲ ಎಂಬ ಮಾತು ಮೀನಿನ ಮುಳ್ಳಿನಂತೆ ಗಂಟಲಲ್ಲಿ ಕೂತಿದೆ. ಸರಿಯಾಗಿ ತೂಗುಹಾಕಿದ ಹಗ್ಗದಲ್ಲಿ ಬೀಳುವುದಿಲ್ಲ, ನಿಜ. ಆದರೆ ಅವನಿಗೆ ಅದು ಹೇಗೆ ಗೊತ್ತು? ಗೊತ್ತಿಲ್ಲ. ಸುಮ್ಮನೆ ಬಾಯಿಗೆ ಬಂದದ್ದು ಅಂದ.

ಮೂರನೇ ದಿನ

ನಾಯಕಿಯ ಕಡೆಯವರು ಹೇಳಿಕೆ ಕೊಟ್ಟಿದ್ದಾರೆ. “ಆ ದೃಶ್ಯ ಪೂರ್ತಿ ಗ್ರಾಫಿಕ್ಸ್. ನಮ್ಮ ನಟಿಗೂ ಅದಕ್ಕೂ ಸಂಬಂಧವಿಲ್ಲ.”

ಒಂದು ತಿಂಗಳಿಂದ ಅದೇ ನಟಿಯ ಬಾಯಿ ಪ್ರತಿ ಸಂದರ್ಶನದಲ್ಲೂ “ಡ್ಯೂಪ್ ಬಳಸಿಲ್ಲ, ನಾನೇ ಜಿಗಿದೆ, ಹೆದರಿಕೆಯಿಂದ ಅತ್ತುಬಿಟ್ಟೆ” ಎನ್ನುತ್ತಿತ್ತು. ಬಿಡುಗಡೆಗೆ ಮುಂಚೆ ನಾಯಕಿ ಜಿಗಿದಳು. ಬಿಡುಗಡೆಯಾದ ಮೇಲೆ ಕಂಪ್ಯೂಟರ್ ಜಿಗಿಯಿತು. ಯಿನ್‌ಹ್ವಾ ಯಾವ ದಿನವೂ ಜಿಗಿಯಲಿಲ್ಲ.

ಅಂತರ್ಜಾಲದಲ್ಲಿ ಚಿತ್ರಕ್ಕೆ ಹತ್ತಕ್ಕೆ ಮೂರೂ ಮುಕ್ಕಾಲು ಅಂಕ ಬಿದ್ದಿದೆ. ನಮ್ಮ ಶಾಟಿನ ತುಣುಕನ್ನು ಯಾರೋ ಕೋಳಿ ಕೂಗುವ ಸದ್ದು ಸೇರಿಸಿ ಹರಿಬಿಟ್ಟಿದ್ದಾರೆ. ನಲವತ್ತು ಲಕ್ಷ ಜನ ನೋಡಿದರಂತೆ. ನಲವತ್ತು ಲಕ್ಷ ಕತ್ತೆಗಳು.

ಐದನೇ ದಿನ

ಸಂಪತ್ತಿನ ದೇವರನ್ನು ಮನೆಗೆ ಕರೆಯುವ ದಿನ, ಊರೆಲ್ಲ ಪಟಾಕಿ. ಆ ದೇವರಿಗೆ ಕಿವಿ ಇದ್ದರೆ ಈ ಊರಿನ ಕಡೆ ಕಾಲಿಡುವುದಿಲ್ಲ.

ಹಬ್ಬದ ಮೊದಲ ದಿನಗಳಲ್ಲಿ ಆಸ್ಪತ್ರೆಯ ಹೊಸ್ತಿಲು ತುಳಿಯಬಾರದು ಎಂಬುದು ಒಳ್ಳೆಯ ಸಂಪ್ರದಾಯ. ನಾಲ್ಕು ದಿನ ಅದು ನನ್ನನ್ನು ಕಾಪಾಡಿತು. ಇಂದು ಹೋದೆ. ಒಣ ಸಾಸಿವೆಸೊಪ್ಪು ತುಂಬಿದ ರೊಟ್ಟಿ ಅವಳಿಗೆ ಇಷ್ಟ, ಆರು ತೆಗೆದುಕೊಂಡೆ.

ಯಿನ್‌ಹ್ವಾ ಹಾಸಿಗೆಯಲ್ಲಿರಲಿಲ್ಲ. ಕಾರಿಡಾರಿನಲ್ಲಿ ಗಾಲಿಯ ಚೌಕಟ್ಟು ಹಿಡಿದು ಒಂದೊಂದೇ ಹೆಜ್ಜೆ ಇಡುತ್ತಿದ್ದಳು. ಕಿಟಕಿಯಿಂದ ನೀರಿನ ಹೂಜಿಯ ತನಕ ಇಪ್ಪತ್ತೆರಡು ಹೆಜ್ಜೆ. ಕಳೆದ ಸಲ ಹದಿನಾಲ್ಕಕ್ಕೇ ನಿಂತಿದ್ದಳು. ಎಂಟು ವರ್ಷದ ಹಿಂದೆ ಗ್ವೇಜೋ ಬೆಟ್ಟಗಳಿಂದ ಬಂದಾಗ ಇದೇ ಹುಡುಗಿ ನನ್ನ ಅಂಗಳದ ಗೋಡೆಯ ಮೇಲೆ ಕೈಬಿಟ್ಟು ಓಡಿ ತೋರಿಸಿದ್ದಳು.

“ಶಿಫು ಬಂದ್ರು. ಐದು ದಿನಕ್ಕೆ ನೆನಪಾಯ್ತು.”

“ಸಂಪ್ರದಾಯ.”

“ನೀವು ಯಾವಾಗಿಂದ ಸಂಪ್ರದಾಯಸ್ಥರು?” ರೊಟ್ಟಿಯ ಪೊಟ್ಟಣ ಮೂಸಿದಳು. “ಹಾಲ್‌ನಲ್ಲಿ ಹೆಂಗಿತ್ತು? ಚಪ್ಪಾಳೆ ಬಿತ್ತಾ?”

“ಬಿತ್ತು” ಅಂದೆ. “ಒಬ್ಬಳು ಮುದುಕಿ ಕಣ್ಣೊರೆಸಿಕೊಂಡಳು.”

ಅವಳು ಫೋನ್ ತೆಗೆದು ಶಾಲೆಯ ಪಾಠ ಓದುವ ಹಾಗೆ ಓದತೊಡಗಿದಳು. “‘ರಬ್ಬರ್ ಬೊಂಬೆಗೂ ಇದಕ್ಕಿಂತ ಮೂಳೆ ಇರುತ್ತೆ.’ ಇದಕ್ಕೆ ಹನ್ನೆರಡು ಸಾವಿರ ಮೆಚ್ಚುಗೆ. ‘ನೆನೆದ ಶ್ಯಾವಿಗೆ ಮೇಲಿಂದ ಸುರಿದಂಗಿದೆ.’ ಇದು ಚೆನ್ನಾಗಿದೆ ಅಲ್ವಾ ಶಿಫು? ನಂಗೆ ಇದೇ ಇಷ್ಟ.”

ಆ ಫೋನನ್ನು ಕಿಟಕಿಯಿಂದ ಎಸೆಯಬೇಕು ಅನ್ನಿಸಿತು.

ಆಮೇಲೆ ನಗು ನಿಲ್ಲಿಸಿ ಕೇಳಿದಳು. “ನಮ್ಮ ತಂಡದವರು ಪ್ರತಿ ಜಿಗಿತಾನೂ ಕೆಳಗಿಂದ ವಿಡಿಯೋ ಹಿಡೀತಾರಲ್ಲ. ಅವತ್ತು ಪಾಂಗ್ ಅಣ್ಣ ಹಿಡಿದಿದ್ದು ಎಲ್ಲಿದೆ? ಅದನ್ನ ಹಾಕ್ಬಿಡಿ. ನನ್ ಮುಖ ಕಾಣುತ್ತೆ, ಹಗ್ಗ ಕಾಣುತ್ತೆ. ನಾನು ಬೊಂಬೆ ಅಲ್ಲ ಅಂತ ಜನಕ್ಕೆ ಗೊತ್ತಾಗ್ಲಿ. ಇನ್ನೇನೂ ಬೇಡ ನಂಗೆ.”

“ಅವನ ಫೋನ್ ಹಾಳಾಯ್ತು. ಎಲ್ಲ ಅಳಿಸಿಹೋಗಿದೆ.”

“ಹೌದಾ” ಅಂದಳು. ರೊಟ್ಟಿ ಮುರಿದು ಅರ್ಧ ನನಗೆ ಕೊಟ್ಟಳು.

ಆ ವಿಡಿಯೋ ಇರುವ ಮೆಮೊರಿ ಕಾರ್ಡು ನನ್ನ ಚಹಾ ಡಬ್ಬಿಯಲ್ಲಿದೆ. ನಾಲ್ಕು ತಿಂಗಳಿಂದ ಇದೆ. ನಾನು ಅದನ್ನು ನೋಡಿಲ್ಲ. ಯಾಕೆ ನೋಡಬೇಕು, ಅಲ್ಲೇ ಇದ್ದೆನಲ್ಲ. ಅವಳಿಗೆ ಸುಳ್ಳು ಹೇಳಿದ್ದು ಅವಳ ಒಳ್ಳೆಯದಕ್ಕೆ. ಮೂಳೆ ಕೂಡುತ್ತಿರುವಾಗ ತಾನು ಮುರಿಯುವುದನ್ನು ತಾನೇ ನೋಡುವ ಹುಡುಗಿ ಉಂಟೇ.

ಆರನೇ ದಿನ

ಕಂಪನಿಯ ಪ್ರಚಾರ ವಿಭಾಗದಿಂದ ಬಾಯ್ ಲಿನ್ ಎಂಬಾಕೆ ಮನೆಗೇ ಬಂದಳು. ಬಿಳಿ ಬೂಟು, ಹಣ್ಣಿನ ಬುಟ್ಟಿ. ಬುಟ್ಟಿಯಲ್ಲಿ ಮೇಲಿನ ಸಾಲು ಮಾತ್ರ ಹಣ್ಣು, ಕೆಳಗೆ ಕಾಗದದ ಚೂರು. ಅವಳ ಚಿತ್ರದ ಹಾಗೆಯೇ.

“ತಾವ್ ಶಿಫು, ನಿಮಗೊಂದು ಒಳ್ಳೆ ಸುದ್ದಿ. ಆ ಜಿಗಿತದ ಅಸಲಿ ವಿಡಿಯೋ ಇದ್ರೆ ಗಾಳಿ ತಿರುಗಿಸ್ಬಹುದು. ನಕ್ಕವರೆಲ್ಲ ಅಳ್ತಾರೆ, ಅತ್ತವರೆಲ್ಲ ಟಿಕೆಟ್ ತಗೋತಾರೆ.”

“ಮೂರು ದಿನದ ಹಿಂದೆ ಅದು ಗ್ರಾಫಿಕ್ಸ್ ಆಗಿತ್ತಲ್ಲ.”

“ಅದು ನಟಿಯ ಕಡೆಯವರು ಹೇಳಿದ್ದು. ನಾವು ಹೇಳಿಲ್ಲ.”

“ನೀವು ಏನು ಹೇಳಿದ್ರಿ?”

“ನಾವು ಇನ್ನೂ ಏನೂ ಹೇಳಿಲ್ಲ. ಅದಕ್ಕೇ ಬಂದಿದೀನಿ.” ಆಮೇಲೆ ದನಿ ಮೃದು ಮಾಡಿ, “ಆ ಹುಡುಗಿಗೂ ಹೆಸರು ಬರುತ್ತೆ” ಅಂದಳು.

ನಾನು ಎದ್ದು ನಿಂತು ಒಂದು ಭಾಷಣವನ್ನೇ ಮಾಡಿದೆ. ನನ್ನ ಶಿಷ್ಯೆಯ ಮೂಳೆ ಮಾರಾಟಕ್ಕಿಲ್ಲ, ನಿಮ್ಮ ಟಿಕೆಟ್ ಮಾರಲು ಅವಳ ನೋವು ಸರಕಲ್ಲ, ಬುಟ್ಟಿ ಎತ್ತಿಕೊಂಡು ಹೊರಡಿ. ಚೆನ್ನಾಗಿಯೇ ಬಂತು ಮಾತು. ಬಾಯ್ ಲಿನ್ ಬುಟ್ಟಿ ಬಿಟ್ಟು ಹೋದಳು. ಚುನ್‌ಮೆಯ್ ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

“ಅಷ್ಟು ಜೋರಾಗಿ ಯಾಕೆ ಹೇಳಿದೆ?” ಅಂದಳು.

“ಸತ್ಯ ಜೋರಾಗಿಯೇ ಹೇಳಬೇಕು.”

“ಸತ್ಯ ಹೇಳೋವಾಗ ನಿನ್ ದನಿ ಸಣ್ಣದಾಗುತ್ತೆ. ಮೂವತ್ನಾಲ್ಕು ವರ್ಷ ಕೇಳಿದೀನಿ” ಎಂದು ಕಿತ್ತಳೆ ಸುಲಿಯಲು ಕೂತಳು.

ಏಳನೇ ದಿನ

ಎರಡು ಆಟ. ನಕ್ಕವರು ಐವತ್ತೊಂದು, ಮೂವತ್ತೆಂಟು. ಎರಡನೆಯದರಲ್ಲಿ ಒಬ್ಬ ಮುದುಕಿ ನಗದೆ “ಅಯ್ಯೋ” ಅಂದಳು. ಅವಳ ಹಿಂದೆ ಬಸ್ ನಿಲ್ದಾಣದ ತನಕ ಹೋಗಿ ನಾಲ್ಕು ಕಿತ್ತಳೆ ಕೊಟ್ಟು ಬಂದೆ. ಹುಚ್ಚ ಅಂದುಕೊಂಡಿರಬೇಕು.

ಎಂಟನೇ ದಿನ

ದಪ್ಪ ಪಾಂಗ್ ಬಂದ. ಹತ್ತೊಂಬತ್ತು ವರ್ಷದಿಂದ ನನ್ನ ಹಗ್ಗ ಎಳೆಯುವವನು, ಈಗಿರುವ ಶಿಷ್ಯರಲ್ಲಿ ಹಿರಿಯ. ಕೂರು ಅಂದರೂ ಕೂರಲಿಲ್ಲ.

“ಶಿಫು, ಯಿನ್‌ಹ್ವಾ ಫೋನ್ ಮಾಡಿದ್ಲು. ನನ್ ಫೋನ್ ಯಾವಾಗ ಹಾಳಾಯ್ತು ಅಂತ ಕೇಳಿದ್ಲು.”

“ಏನಂದೆ?”

“ಹಾಳಾಯ್ತು ಅಂದೆ. ಅದೇ ಫೋನಲ್ಲಿ ಮಾತಾಡ್ತಾ.” ಅವನು ನೆಲ ನೋಡಿದ. “ಕಾರ್ಡು ನಿಮ್ಮ ಕೈಗೇ ಕೊಟ್ಟಿದ್ದೆ. ಕೊಟ್ಬಿಡಿ ಶಿಫು. ಅವಳು ಕೇಳ್ತಿರೋದು ಅಷ್ಟೇ.”

“ಅದರಲ್ಲಿ ಏನಿದೆ ಅಂತ ನೋಡಿದೀಯ?”

“ಹಿಡಿದವನೇ ನಾನಲ್ವಾ. ಅದರಲ್ಲಿ ದಾರ...”

ಮಾತು ಮುಗಿಸಲು ಬಿಡಲಿಲ್ಲ. ಹತ್ತೊಂಬತ್ತು ವರ್ಷದ ಅನ್ನದ ಋಣ ಎತ್ತಿ ಆಡಿದೆ. ಅವನ ಮದುವೆ ಮಾಡಿಸಿದ್ದು ಎತ್ತಿ ಆಡಿದೆ. ಅವನ ದಪ್ಪವನ್ನೂ ಬಿಡಲಿಲ್ಲ. ಅವನು ಎಲ್ಲ ಕೇಳಿ, “ನಾಳೆ ಹಗ್ಗಕ್ಕೆ ಎಣ್ಣೆ ಹಾಕೋಕೆ ಬರ್ತೀನಿ” ಎಂದು ಹೋದ. ತಿರುಗಿ ಬೈದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಆ ದಿನ ನಡೆದದ್ದು ಹೀಗೆ, ಒಮ್ಮೆ ಬರೆದಿಡುತ್ತೇನೆ. ಹಳೆಯ ಕಲ್ಲುಗಣಿಯಲ್ಲಿ ಗೋಪುರ ಕಟ್ಟಿದ್ದರು. ಬೆಳಿಗ್ಗೆ ನಾನೇ ಏರಿದೆ, ಜಿಗಿದೆ, ದಾರ ಕಟ್ಟಿದೆ. ಆರು ಟೇಕ್ ಆಯಿತು, ಒಂದೂ ಒಂದೇ ಓಟದಲ್ಲಿ ಬರಲಿಲ್ಲ. ಆಮೇಲೆ ಗ್ರಾಫಿಕ್ಸಿನವರ ಹಸಿರು ಬಟ್ಟೆ ಅಡ್ಡ ಬರುತ್ತದೆಂದು ಕೊಂಡಿಯನ್ನು ಎರಡು ಗೇಣು ಎಡಕ್ಕೆ ಸರಿಸಿದರು. ಸರಿಸಿದವರು ಅವರು. ನಿರ್ದೇಶಕ ಆ ಹೊತ್ತಿಗೆ ಶಾಟನ್ನು ಎರಡು ತುಂಡು ಮಾಡೋಣ ಅಂದ. ಇಡೀ ಜಿಗಿತ ಒಂದೇ ಶಾಟಿನಲ್ಲಿ ಬರಬೇಕು, ನನ್ನ ಹಗ್ಗದಲ್ಲಿ ಅದು ಆಗುತ್ತದೆ ಎಂದು ನಾನು ವಾದಿಸುತ್ತಿದ್ದೆ. ಬಿಸಿಲು ಇಳಿಯುತ್ತಿತ್ತು. ಯಾರೋ ರೆಡಿ ಅಂದರು. ನಾನೂ ರೆಡಿ ಅಂದೆ.

ಬಿಸಿಲು ಇಳಿಯುತ್ತಿತ್ತು. ಅದು ಯಾರ ತಪ್ಪು?

ಹತ್ತನೇ ದಿನ

ನೋಡಿದೆ.

ಎರಡು ನಿಮಿಷ ಹನ್ನೊಂದು ಸೆಕೆಂಡು. ಮೊದಲ ಒಂದು ನಿಮಿಷ ಪೂರ್ತಿ ನನ್ನ ಬೆನ್ನು. ನಿರ್ದೇಶಕನ ಮುಂದೆ ಕೈ ಬೀಸುತ್ತಿದ್ದೇನೆ. ದನಿ ಸ್ಪಷ್ಟವಾಗಿದೆ. “ನನ್ನ ಹಗ್ಗದಲ್ಲಿ ಯಾರೂ ಹೆದರೋದು ಬೇಡ. ಮೂವತ್ತೊಂದು ವರ್ಷ.” ಎರಡು ಸಲ ಹೇಳಿದ್ದೇನೆ. ನನ್ನ ಹಿಂದೆ, ಮೇಲೆ, ಗೋಪುರದ ಅಂಚಿನಲ್ಲಿ ಯಿನ್‌ಹ್ವಾ. ಅವಳು ತಲೆ ಎತ್ತಿ ಕೊಂಡಿ ನೋಡುತ್ತಾಳೆ. ನಾಲ್ಕು ಸೆಕೆಂಡು. ಆಮೇಲೆ ಕೆಳಗೆ ನನ್ನ ಬೆನ್ನು ನೋಡುತ್ತಾಳೆ. ಮೂರು ಸೆಕೆಂಡು. ಮತ್ತೆ ಕೊಂಡಿ. ನಂತರ ರೆಡಿ ಎಂದು ಕೈ ಎತ್ತುತ್ತಾಳೆ.

ಕೊಂಡಿಯ ಮೇಲೆ ಏನೂ ಇಲ್ಲ.

ಒಂಬತ್ತು ಸಲ ನೋಡಿದೆ.

ಹನ್ನೊಂದನೇ ದಿನ

ಆಸ್ಪತ್ರೆಗೆ ಹೋಗಿ ಕಾರ್ಡನ್ನು ಅವಳ ಮುಂದೆ ಇಟ್ಟೆ. ಅವಳು ಅದನ್ನು ಮುಟ್ಟಲಿಲ್ಲ.

“ಸಿಕ್ತಾ” ಅಂದಳು.

“ಚಹಾ ಡಬ್ಬಿಯಲ್ಲಿತ್ತು.”

“ಪಾಂಗ್ ಅಣ್ಣಂಗೆ ಸುಳ್ಳು ಹೇಳೋಕೆ ಬರಲ್ಲ. ಫೋನ್ ಹಾಳಾಯ್ತು ಅಂತ ಹೇಳೋಕೆ ನಾಲ್ಕು ಸಲ ಕೆಮ್ಮಿದ್ರು.”

“ನೀನು ಮೇಲೆ ನೋಡಿದೆ” ಅಂದೆ. “ಕೊಂಡಿ ನೋಡಿದೆ.”

“ನೋಡ್ದೆ.”

“ದಾರ ಇರಲಿಲ್ಲ.”

“ಇರಲಿಲ್ಲ.”

“ಮತ್ತೆ ಯಾಕೆ ಬಾಯಿ ಬಿಡಲಿಲ್ಲ? ಎಂಟು ವರ್ಷ ಏನು ಕಲಿಸಿದೆ ನಿಂಗೆ? ದಾರ ಕಾಣದೆ ಏರಬೇಡ ಅಂತ ಕಲಿಸಿದ್ದಾ, ಏರು ಅಂತ ಕಲಿಸಿದ್ದಾ?”

ನನ್ನ ಗಂಟಲು ಕಾರಿಡಾರಿನ ಆ ತುದಿಗೂ ಕೇಳಿಸಿರಬೇಕು, ನರ್ಸ್ ಇಣುಕಿದಳು. ಯಿನ್‌ಹ್ವಾ ಅವಳಿಗೆ ಏನಿಲ್ಲ ಎಂದು ಕೈಸನ್ನೆ ಮಾಡಿದಳು.

“ಹೆಂಗೆ ಕೇಳ್ಲಿ ಶಿಫು? ನಲವತ್ತು ಜನ ನಿಂತಿದ್ರು. ನೀವು ನಿರ್ದೇಶಕರ ಎದುರಿಗೆ ನನ್ ಹಗ್ಗದಲ್ಲಿ ಯಾರೂ ಹೆದರೋದು ಬೇಡ ಅಂತಿದ್ರಿ. ಅದೇ ಹೊತ್ತಿಗೆ ಮೇಲಿಂದ ನಾನು, ಶಿಫು, ದಾರ ಎಲ್ಲಿ ಅಂದ್ರೆ? ನಿಮ್ಮ ಮುಖ ಏನಾಗ್ತಿತ್ತು?”

“ನನ್ನ ಮುಖ” ಅಂದೆ.

“ಎರಡೇ ಗೇಣು ಅಲ್ವಾ ಅಂದ್ಕೊಂಡೆ.”

ನಾನು ಏನೇನೋ ಬೈದೆ. ಪೆದ್ದಿ, ಹಳ್ಳಿಗುಗ್ಗು, ಬೆಟ್ಟದ ಮೇಕೆ. ಮೆಟ್ಟಿಲಿಳಿದು, ಹೊರಗೆ ಸೈಕಲ್ ನಿಲ್ಲಿಸುವ ಕಟ್ಟೆಯ ಮೇಲೆ ಕೂತೆ. ಎಷ್ಟು ಹೊತ್ತು ಕೂತೆನೋ ಲೆಕ್ಕ ಇಡಲಿಲ್ಲ. ಮತ್ತೆ ಮೇಲೆ ಹೋಗಿ, ವಿಡಿಯೋದಲ್ಲಿ ಮೊದಲ ನಿಮಿಷ ಪೂರ್ತಿ ನನ್ನ ಬೆನ್ನೇ ಎಂದು ಹೇಳಿದೆ. ಅವಳು ರೊಟ್ಟಿ ಇಲ್ಲವೇ ಎಂದು ಕೇಳಿದಳು. ಇವತ್ತು ತಂದಿರಲಿಲ್ಲ.

“ನೀವು ಅದನ್ನ ಹಾಕೋದು ಬೇಡ ಬಿಡಿ” ಅಂದಳು. “ನಿಮ್ ಬೆನ್ನು ಕಾಣುತ್ತೆ ಅಂತ ಗೊತ್ತಿದ್ರೆ ಕೇಳ್ತಾನೇ ಇರ್ಲಿಲ್ಲ.”

ಹದಿಮೂರನೇ ದಿನ

ಬೆಳಿಗ್ಗೆ ಪಾಂಗ್‌ನನ್ನು ಕರೆಸಿ ವಿಡಿಯೋ ಹಾಕಿಸಿದೆ. ಕಂಪನಿಯ ಮೂಲಕ ಅಲ್ಲ, ನಮ್ಮ ತಂಡದ ಹೆಸರಿನಲ್ಲಿ. ಕೆಳಗೆ ಎರಡು ಸಾಲು ಬರೆಸಿದೆ: ಜಿಗಿದವಳು ಲುವೊ ಯಿನ್‌ಹ್ವಾ. ಕೊಂಡಿ ಸರಿಸಿದ ಮೇಲೆ ಮೊದಲ ಭಾರ ಕೊಡದೆ ಅವಳನ್ನು ಏರಿಸಿದವನು ತಾವ್ ಗೆನ್‌ಶುಯ್.

“ಎರಡನೇ ಸಾಲು ಬೇಕಾ ಶಿಫು?” ಎಂದು ಪಾಂಗ್ ಕೇಳಿದ. ನಿನ್ನ ಕೆಲಸ ಟೈಪ್ ಮಾಡುವುದು ಅಂದೆ.

ಹತ್ತು ಗಂಟೆಗೆ ಬಾಯ್ ಲಿನ್ ಫೋನು.

“ತಾವ್ ಶಿಫು, ಅದ್ಭುತ. ಮೊದಲ ಒಂದು ನಿಮಿಷ ಕತ್ತರಿಸಿ ಮತ್ತೆ ಹಾಕಿ. ಹುಡುಗಿಯಿಂದ ಶುರು ಆಗ್ಲಿ. ನಿಮಗೂ ಒಳ್ಳೇದು, ನಮಗೂ ಒಳ್ಳೇದು.”

“ಒಂದೇ ಶಾಟ್ ಅಮ್ಮ” ಅಂದೆ. “ನಡುವೆ ಕಟ್ ಇಲ್ಲ.”

ಮಧ್ಯಾಹ್ನದೊಳಗೆ ಹನ್ನೆರಡು ಲಕ್ಷ ಜನ ನೋಡಿದರು. ಯಿನ್‌ಹ್ವಾಳ ಕ್ಷಮೆ ಕೇಳಿದವರು ಬಹಳ. ಶ್ಯಾವಿಗೆಯ ಮಾತು ಬರೆದವನು ಅದನ್ನು ಅಳಿಸಿದ್ದಾನೆ. ಇದೂ ಗ್ರಾಫಿಕ್ಸ್ ಅಂದವರು ಹದಿನೇಳು ಮಂದಿ, ಅವರು ಎಲ್ಲಿಯೂ ಇರುತ್ತಾರೆ. ಉಳಿದವರೆಲ್ಲ ನನಗೆ ಬೈದರು. ಮುದಿ ಕಟುಕ ಅಂದರು. ಮುಖ ಉಳಿಸಿಕೊಳ್ಳಲು ಸೊಂಟ ಮುರಿದವನು ಅಂದರು. ಎಲ್ಲವನ್ನೂ ಓದಿದೆ. ವ್ಯಾಕರಣ ತಪ್ಪಿದ್ದ ಒಂದೆರಡನ್ನು ಬಿಟ್ಟರೆ ಯಾವುದಕ್ಕೂ ಸಿಟ್ಟು ಬರಲಿಲ್ಲ. ವಿಚಿತ್ರ. ಜ್ವರವಿರಬಹುದು ಎಂದು ಚುನ್‌ಮೆಯ್ ಹಣೆ ಮುಟ್ಟಿ ನೋಡಿದಳು.

ವಸಂತಕ್ಕೆ ಒಪ್ಪಿಕೊಂಡಿದ್ದ ಎರಡು ಚಿತ್ರಗಳು ಕೈತಪ್ಪಿದವು. ಹಗ್ಗ ಎಳೆಯುವ ಹದಿನಾಲ್ಕು ಜನರಲ್ಲಿ ಐವರು ಬೇರೆ ತಂಡ ನೋಡಿಕೊಂಡರು. ನಮ್ಮ ಹೆಸರುಗಳು ಪರದೆಯ ಮೇಲೆ ಬರುವುದು ಎಲ್ಲರೂ ಎದ್ದು ಹೋದ ಮೇಲೆ, ಕಸ ಗುಡಿಸುವವಳೊಬ್ಬಳೇ ಓದುವಾಗ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಹನ್ನೆರಡು ಲಕ್ಷ ಜನ ನನ್ನ ಹೆಸರು ಓದಿದರು.

ಹದಿನೈದನೇ ದಿನ

ಹೊಸ ವರ್ಷದ ಆಚರಣೆ ಮುಗಿಯುವ ದೀಪದ ಹಬ್ಬ. ಚುನ್‌ಮೆಯ್ ಎಳ್ಳು ತುಂಬಿದ ಅಕ್ಕಿ ಉಂಡೆ ಬೇಯಿಸಿ ಡಬ್ಬಿಗೆ ಹಾಕಿಕೊಟ್ಟಳು. ಯಿನ್‌ಹ್ವಾಳಿಗೆ ಅರ್ಧ ದಿನ ಬಿಡುವು ಕೇಳಿ ಥಿಯೇಟರಿಗೆ ಕರೆದುಕೊಂಡು ಬಂದೆ. ಚಿತ್ರ ಇಂದೇ ಎತ್ತುತ್ತಾರೆ. ಬೆಳಿಗ್ಗೆ ಹನ್ನೊಂದರ ಆಟ, ಹಾಲ್‌ನಲ್ಲಿ ಒಂಬತ್ತು ಜನ.

ಏಳನೇ ಗಂಟೆ ಬಾರಿಸಿತು. ನಾನು ಹಿಂದಕ್ಕೆ ತಿರುಗಲಿಲ್ಲ. ಪರದೆಯನ್ನೂ ನೋಡಲಿಲ್ಲ, ಅವಳನ್ನು ನೋಡಿದೆ. ತುಟಿ ಅಲುಗುತ್ತಿತ್ತು, ಸೆಕೆಂಡು ಎಣಿಸುತ್ತಿದ್ದಳು. ಹನ್ನೊಂದು.

ಅವಳು ನಕ್ಕುಬಿಟ್ಟಳು. ಬಾಯಲ್ಲಿದ್ದ ಉಂಡೆಯ ಎಳ್ಳು ಸಿಡಿಯುವ ಹಾಗೆ.

“ನಿಜವಾಗ್ಲೂ ಬೊಂಬೆ ಥರಾನೇ ಇದೀನಿ ಶಿಫು. ಆ ಕಾಲು ನೋಡಿ. ಅದು ಎಲ್ಲಿಗೆ ಹೋಗ್ತಿದೆ?”

ಅಷ್ಟು ದಿನ ಆ ನಗುವಿಗಾಗಿ ಜನರ ಕೊರಳಪಟ್ಟಿ ಹಿಡಿದವನು ಪುಸ್ತಕದಲ್ಲಿ ಬರೆದುಕೊಂಡೆ: ಒಂಬತ್ತರಲ್ಲಿ ಒಬ್ಬಳು. ಉಳಿದ ಏಳು ಜನ ಹಿಂತಿರುಗಿ ಅವಳನ್ನು ದುರುಗುಟ್ಟಿ ನೋಡಿದರು. ಒಬ್ಬ ಹೆಂಗಸು, “ಒಬ್ಬಳ ಸೊಂಟ ಮುರಿದಿದೆ ಅಲ್ಲಿ, ನಿನಗೆ ನಗು” ಎಂದು ಗದರಿದಳು. ಯಿನ್‌ಹ್ವಾ ಊರುಗೋಲನ್ನು ಕುರ್ಚಿಯ ಕೆಳಗೆ ಸರಿಸಿ, “ತಪ್ಪಾಯ್ತು ಅಕ್ಕ” ಅಂದಳು.

ಹದಿನೆಂಟನೇ ದಿನ

ಬೆಳಿಗ್ಗೆ ಅಂಗಳದಲ್ಲಿ ಹೊಸ ಕಂಬ ನಿಲ್ಲಿಸಿದೆವು. ಒಂದು ಚಿಕ್ಕ ಧಾರಾವಾಹಿಯವರು ಬಂದಿದ್ದರು. ಬಡಪಾಯಿಗಳು, ಬೇರೆ ತಂಡ ಸಿಕ್ಕಿರಲಿಕ್ಕಿಲ್ಲ. ಅವರ ಮುಖ್ಯಸ್ಥ ಕೈಗಡಿಯಾರ ನೋಡುತ್ತಲೇ ಇದ್ದ. ಯಿನ್‌ಹ್ವಾ ನಿನ್ನೆಯಷ್ಟೇ ಆಸ್ಪತ್ರೆಯಿಂದ ಬಂದಿದ್ದಾಳೆ. ಮಳೆಗಾಲದ ಹೊತ್ತಿಗೆ ಕೋಲಿಲ್ಲದೆ ನಡೆಯಬಹುದು, ಹಗ್ಗಕ್ಕೆ ಏರುವುದು ಇನ್ನಿಲ್ಲ ಎಂದು ವೈದ್ಯರ ಮಾತು. ಕೆಳಗೆ ಸ್ಟೂಲು ಹಾಕಿ ಕೂರಿಸಿದ್ದೇನೆ. ಇನ್ನು ಮುಂದೆ ಎಣಿಕೆ ಕೂಗುವ ಕೆಲಸ ಅವಳದು.

ನಾನು ಏರಿದೆ. ಮಂಡಿ ಕಟಕಟ ಅಂದಿತು. ಪಾಂಗ್ ಕೆಳಗಿನಿಂದ, “ಶಿಫು, ಹಂದಿತೊಡೆ ಒಣಗ್ ಹಾಕ್ದಂಗೆ ಕಾಣ್ತೀರ” ಅಂದ. ಅವನನ್ನು ಇಳಿದ ಮೇಲೆ ನೋಡಿಕೊಳ್ಳುತ್ತೇನೆ ಅಂದುಕೊಂಡೆ. ಯಿನ್‌ಹ್ವಾ ಮೂರು ಎಣಿಸಿದಳು, ಜಿಗಿದೆ. ಹಗ್ಗ ಮೆತ್ತಗೆ ಹಿಡಿಯಿತು. ಮತ್ತೆ ಮೇಲೆಳೆದರು, ದಾರ ಕಟ್ಟಿದೆ.

“ದಾರ ಎಲ್ಲಿ?” ಕೆಳಗಿನಿಂದ ಯಿನ್‌ಹ್ವಾ ಕೂಗಿದಳು. ಎಲ್ಲರಿಗೂ ಕೇಳುವ ಹಾಗೆ.

“ಕಟ್ಟಿದೀನಲ್ಲ.”

“ನಂಗೆ ಕಾಣ್ತಿಲ್ಲ.”

ಮುಖ್ಯಸ್ಥ ಮತ್ತೆ ಗಡಿಯಾರ ನೋಡಿದ. “ಆಯ್ತಲ್ಲ ಶಿಫು, ಇನ್ನು ಹುಡುಗಿನ ಏರಿಸಿ” ಅಂದ. ಜಿಗಿಯಲು ಬಂದ ಹೊಸ ಹುಡುಗಿ ಸೊಂಟಪಟ್ಟಿ ಬಿಗಿದುಕೊಂಡು ಒಮ್ಮೆ ನನ್ನನ್ನು, ಒಮ್ಮೆ ಯಿನ್‌ಹ್ವಾಳನ್ನು ನೋಡುತ್ತಿದ್ದಳು. ನನ್ನ ಮುಖ ಬಿಸಿಯಾಯಿತು, ಬಿಸಿಲಿಗೆ ಇರಬೇಕು.

ಗಂಟು ಬಿಚ್ಚಿದೆ. ಕೊಂಡಿಯ ಇನ್ನೊಂದು ಮಗ್ಗುಲಿಗೆ, ಅವಳ ಕಡೆಗೆ ತಿರುಗಿಸಿ ಕಟ್ಟಿದೆ.

“ಈಗ?”

ಅವಳು ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡಿದಳು. ನಾಲ್ಕು ಸೆಕೆಂಡು.

“ಈಗ ಕಾಣ್ತಿದೆ ಶಿಫು. ಇಳೀರಿ.”